ಈಟಿಯ ಮೂಲ ಹುಡುಕುತ್ತಾ ನಿಂತಿದ್ದಾಗ

ಗೆಳೆಯರೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಇವತ್ತು ಕೊಟ್ಟೂರಿನಲ್ಲಿ ಶಾಲಾ ಕ್ರೀಡಾಕೂಟ. ಈಟಿ ಬೀಳುವ ಕಡೆ ಟೇಪು ಹಿಡಿದು ನಾನು, ಬಾವುಟ ಹಿಡಿದು ಕನ್ನಡ ಮೇಷ್ಟ್ರು, ಪಕ್ಕದಲ್ಲಿ ಪಿ.ಟಿ. ಮೇಷ್ಟ್ರು. ಬಿಳಿ ಬಾವುಟ ಎತ್ತಿದರೆ ಎಸೆಯಬೇಕು ಎಂದು ಮಕ್ಕಳಿಗೆ ಹೇಳಿದ್ದೆವು.

ಅಷ್ಟರಲ್ಲಿ ಮೈಕಿನಲ್ಲಿ ‘ಭರ್ಜಿ ಎಸೆತ’ ಎಂದು ಕೂಗಿದರು. ಕನ್ನಡ ಮೇಷ್ಟ್ರಿಗೆ ರೇಗಿತು.

“ಭರ್ಜಿ ಮರಾಠಿ ಕಡಿಂದ ಬಂದದ್ರಿ. ಈಟಿ ನಮ್ದು. ತಮಿಳ್ರೂ ಈಟ್ಟಿ ಅಂತಾರ!”

“ಅಷ್ಟ್ಯಾಕ್ರಿ, ಜಾವೆಲಿನ್ ಅಂದ್ರಾತು,” ಎಂದರು ಪಿ.ಟಿ. ಮೇಷ್ಟ್ರು.

“ಅದು ಫ್ರೆಂಚರದು! ನಮ್ಮ ಪದ ಸತ್ತೈತೇನ್ರಿ?” ಕನ್ನಡ ಮೇಷ್ಟ್ರು ಸಿಟ್ಟಿನಲ್ಲಿ ಕೈ ಎತ್ತಿದರು. ಕೈಯಲ್ಲಿ ಬಿಳಿ ಬಾವುಟವಿತ್ತು.

ಆ ಕಡೆ ಈಟಿ ಹಿಡಿದು ಕಾಯುತ್ತಿದ್ದ ಹುಡುಗಿ ಎಸೆದೇಬಿಟ್ಟಳು. ನಾನು ಕಿರುಚುವಷ್ಟರಲ್ಲಿ ಈಟಿ ಕನ್ನಡ ಮೇಷ್ಟ್ರ ಚಪ್ಪಲಿಯಿಂದ ಒಂದು ಗೇಣು ಆಚೆ ನೆಲಕ್ಕೆ ನಾಟಿಕೊಂಡು ಗಡಗಡ ನಡುಗುತ್ತಿತ್ತು. ನಾವು ಮೂವರೂ ಹಾಗೆಯೇ.

ಹುಡುಗಿ ಅಳುತ್ತಾ ಓಡಿಬಂದಳು: “ಬಾವುಟ ಎತ್ತಿದ್ರಲ್ರೀ ಸರ್!”

ಪಿ.ಟಿ. ಮೇಷ್ಟ್ರು ಈಟಿಯತ್ತ ಬೆರಳು ತೋರಿಸಿ ಕೇಳಿದರು: “ಈಗೇನ್ ಅನ್ಬೇಕ್ರಿ ಇದಕ್ಕ?”

“ಏನಾರ ಅನ್ರಿ. ಮೊದ್ಲು ಅದನ್ನ ಕೀಳ್ರಿ!” ಎಂದರು ಕನ್ನಡ ಮೇಷ್ಟ್ರು.

ಕನ್ನಡಕ್ಕಾಗಿ ಪ್ರಾಣ ಕೊಡುತ್ತೇನೆಂದು ಪ್ರತಿ ರಾಜ್ಯೋತ್ಸವದಲ್ಲಿ ಭಾಷಣ ಮಾಡುವವರು ಇವರೇ.