ಬಾಗಿಲಲ್ಲಿ ನಿಂತು ಹೇಳಿದ ಮಾತು

ವೈದ್ಯವೃತ್ತಿಯಲ್ಲಿ ಹೆಸರು ಮಾಡುವ ದಾರಿಗಳು ಹಲವು. ಹೃದಯ ಬಿಚ್ಚಿ ಹೊಲಿದವರು, ಹೊಸ ಔಷಧ ಕಂಡುಹಿಡಿದವರು, ನೂರು ಹಾಸಿಗೆಯ ಆಸ್ಪತ್ರೆ ಕಟ್ಟಿ ನಿಲ್ಲಿಸಿದವರು, ಇಂಥವರ ಸಾಲಿನಲ್ಲಿ ನಮ್ಮ ಡಾಕ್ಟರಮ್ಮನವರನ್ನು ಹುಡುಕಲು ಹೊರಟವರು ಬರಿಗೈಯಲ್ಲಿ ಮರಳಬೇಕಾದೀತು. ನೆಗಡಿ, ಮಂಡಿನೋವು, ಮಕ್ಕಳ ಲಸಿಕೆ, ಹಿರಿಯರ ರಕ್ತದೊತ್ತಡ ಎಂದು ಒಂದೇ ಆರೋಗ್ಯ ಕೇಂದ್ರದ ಒಂದೇ ಕೋಣೆಯಲ್ಲಿ ಮೂವತ್ತಾರು ವರ್ಷ ಕುಳಿತವರು ಅವರು. ಆದರೆ ಕಾಯಿಲೆ ಮೊದಲು ಬಂದು ತಟ್ಟುವುದು ಇಂಥ ಕೋಣೆಯ ಬಾಗಿಲನ್ನೇ ಎಂದು ಬಲ್ಲವರು, ಆ ಕೋಣೆಗೆ ಯಂತ್ರಗಳು ಕಾಲಿಟ್ಟಾಗ ಅವನ್ನು ಮನುಷ್ಯರ ಅಳತೆಗೆ ಒಗ್ಗಿಸಿದವರು ಯಾರು ಎಂದರೆ ಅವರತ್ತಲೇ ಕೈ ತೋರಿಸುತ್ತಾರೆ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಉಳಿದ ಲೇಖನಗಳು ರೋಗಿಗಳ ಮಾತಿಗೆ ತೆರೆದಿದ್ದ ಅವರ ಕಿವಿಯನ್ನು ಹಾಡಿ ಹೊಗಳಿರುತ್ತವೆ, ಹೊಗಳಲೇಬೇಕು. ಈ ಲೇಖನ ಮಾತ್ರ, ಅವರ ಒಪ್ಪಿಗೆ ಪಡೆದೇ, ಬೇರೊಂದು ಸಂಗತಿಯನ್ನು ಹೇಳುತ್ತದೆ. ಸೇವೆಯ ಕೊನೆಯ ಆರು ವರ್ಷ ಆ ಕಿವಿಗಳು ಸರಿಯಾಗಿ ಕೇಳಿಸುತ್ತಿರಲಿಲ್ಲ. ಇದನ್ನು ಬರೆಯುತ್ತಿರುವವಳನ್ನು ಕೇಂದ್ರದಲ್ಲಿ ಎಲ್ಲರೂ ಮರಿ ಡಾಕ್ಟ್ರು ಎನ್ನುತ್ತಾರೆ. ಹನ್ನೊಂದು ವರ್ಷದ ಅನುಭವವಾದ ಮೇಲೂ ಆ ಹೆಸರು ಬಿಟ್ಟುಹೋಗಿಲ್ಲ. ಮರಿ ಡಾಕ್ಟ್ರು ಈ ಕಥೆಯಲ್ಲಿ ಹೆಮ್ಮೆಪಡುವಂಥದ್ದೇನೂ ಮಾಡಿಲ್ಲವಾದ್ದರಿಂದ ಅವಳನ್ನೂ ಹೊರಗಿನವಳಂತೆಯೇ ಇಲ್ಲಿ ನಿಲ್ಲಿಸಲಾಗಿದೆ.

ಡಾಕ್ಟರಮ್ಮ ಕೆಲಸಕ್ಕೆ ಸೇರಿದ ಮೊದಲ ವರ್ಷ ಹರೆಯದ ಒಬ್ಬ ಬಸ್ ಡ್ರೈವರ್ ಕೆಮ್ಮೆಂದು ಬಂದಿದ್ದರು. ನೋಡಿ, ಔಷಧ ಬರೆದುಕೊಟ್ಟಾಯಿತು. ಅವರು ಎದ್ದು ಹೋಗಿ, ಚಿಲಕಕ್ಕೆ ಕೈಯಿಟ್ಟು, ಬೆನ್ನು ತಿರುಗಿಸಿಕೊಂಡೇ, "ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಂಡ ಹಾಗಾಗುತ್ತೆ, ವಯಸ್ಸಾಯ್ತು ಅನ್ಸುತ್ತೆ" ಎಂದು ನಕ್ಕರು. ಡಾಕ್ಟರಮ್ಮ ಆಗಲೇ ಮುಂದಿನ ಚೀಟಿಯನ್ನು ಎತ್ತಿಕೊಂಡಿದ್ದರು. ಮೂರು ವಾರದಲ್ಲಿ ಆ ಮನುಷ್ಯ ಹೃದಯಾಘಾತವಾಗಿ ಆಸ್ಪತ್ರೆ ಸೇರಿದರು. ಪ್ರಾಣ ಉಳಿಯಿತು, ಬಸ್ಸು ಕೈಬಿಟ್ಟಿತು. ಡಾಕ್ಟರಮ್ಮ ಹತ್ತು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, ನಮ್ಮ ಕೇಂದ್ರದಲ್ಲೇ ಟೋಕನ್ ಕೊಡುವ ಕೆಲಸ ಅವರಿಗೆ ಕೊಡಿಸಿದರು. ಇಂದಿಗೂ ಅವರು ಡ್ರೈವರಣ್ಣನೇ. ಸರತಿಯಲ್ಲಿ ನುಗ್ಗುವವರನ್ನು "ಹಿಂದೆ ಹೋಗಿ, ಸೀಟ್ ಖಾಲಿ ಇದೆ" ಎಂದು ಗದರುತ್ತಾರೆ.

ಅಂದಿನಿಂದ ಡಾಕ್ಟರಮ್ಮ ಬಾಗಿಲ ಮಾತಿಗಾಗಿ ಕಾದರು. ಜನ ಕುರ್ಚಿಯಲ್ಲಿ ಕುಳಿತು ಹೇಳುವುದು ಒಂದು, ಎದ್ದು ಹೋಗುವಾಗ ಹೇಳುವುದು ಇನ್ನೊಂದು. ನಿಜವಾದ ಭಯ ಎರಡನೆಯದರಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಆದ್ದರಿಂದ ರೋಗಿ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವವರೆಗೆ ಅವರು ಪೆನ್ನು ಮುಟ್ಟುತ್ತಿರಲಿಲ್ಲ, ಮುಂದಿನವರನ್ನು ಕರೆಯುತ್ತಿರಲಿಲ್ಲ, ಕೈಕಟ್ಟಿ ಸುಮ್ಮನೆ ಕುಳಿತಿರುತ್ತಿದ್ದರು. ಆ ಅರ್ಧ ನಿಮಿಷದ ಮೌನದಲ್ಲಿ ಎಷ್ಟು ಮನೆಗಳ ದೀಪ ಆರದೆ ಉಳಿಯಿತೋ ಲೆಕ್ಕವಿಟ್ಟವರಿಲ್ಲ. ಒಬ್ಬ ದರ್ಜಿ ಬಾಗಿಲಲ್ಲಿ ನಿಂತು, ಎರಡು ದಿನದಿಂದ ಸೂಜಿಗೆ ದಾರ ಪೋಣಿಸಲು ಬಲಗೈ ಮಾತು ಕೇಳುತ್ತಿಲ್ಲ ಎಂದದ್ದನ್ನು ಹಿಡಿದು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದ್ದು, ಮುಂದೆ ಆತ ಅದೇ ಕೈಯಿಂದ ಅವರ ಬಿಳಿ ಕೋಟು ಹೊಲಿದುಕೊಟ್ಟದ್ದು ಊರೆಲ್ಲ ಬಲ್ಲ ವಿಷಯ.

ಇಂಥವರ ಕಿವಿಯಿಂದ ಶಬ್ದಗಳು ಒಂದೊಂದಾಗಿ ಎದ್ದು ಹೋಗತೊಡಗಿದವು. ಮೊದಲು ಹೋದದ್ದು ಕಿಟಕಿಯಾಚೆಯ ಗುಬ್ಬಿಗಳು. ಈ ವರ್ಷ ಗುಬ್ಬಿಗಳೇ ಇಲ್ಲವೆಂದು ಅವರು ಬಹಳ ದಿನ ಬೇಸರಪಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ನೋಡಿದರೆ ಮರದ ತುಂಬ ಗುಬ್ಬಿಗಳು, ಕೊಕ್ಕು ತೆರೆಯುತ್ತಿವೆ, ಮುಚ್ಚುತ್ತಿವೆ, ಸದ್ದಿಲ್ಲ. ಆಮೇಲೆ ಸೂಜಿ ತಟ್ಟೆಗೆ ಬೀಳುವ ಸದ್ದು ಹೋಯಿತು, ಹೆಂಗಸರ ಪಿಸುಮಾತು ಹೋಯಿತು, ಮಕ್ಕಳ ದನಿಯ ಅಂಚುಗಳು ಹೋದವು. ತೂಕದ ಯಂತ್ರ, ಕುಂಟುವ ಬೆಂಚು, ಗೋಡೆಯ ಮೇಲೆ ನಿಧಾನವಾಗಿ ಸರಿಯುವ ಬಿಸಿಲು, ಎಲ್ಲವೂ ಇದ್ದಲ್ಲೇ ಇದ್ದವು; ಯಾರೋ ಇಡೀ ಕೋಣೆಯನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿಟ್ಟಂತಿತ್ತು. ಆ ಮೌನ ಒಮ್ಮೊಮ್ಮೆ ಹಿತವಾಗಿಯೂ ಇತ್ತು ಎಂದು ಅವರೇ ಹೇಳಿದ್ದಾರೆ. ಅದರಲ್ಲಿ ಕುಳಿತು ಯಾವುದೋ ಹಳೆಯ ಸಂಜೆಯೊಳಗೆ ತೇಲಿಹೋಗಿ, ಎದುರಿನ ಮುಖದ ತುಟಿಗಳು ನಿಂತಾಗ ಬೆಚ್ಚಿ ಮರಳುತ್ತಿದ್ದರಂತೆ.

ಹಿತವಾಗಿದ್ದದ್ದೇ ಹೆದರಿಕೆಯ ವಿಷಯವೂ ಆಗಿತ್ತು. ದಿನಕ್ಕೆ ನಾಲ್ವರಿಗಾದರೂ "ಕಿವಿ ಪರೀಕ್ಷೆ ಮಾಡಿಸ್ಕೊಳ್ಳಿ, ನಾಚಿಕೆ ಯಾಕೆ?" ಎಂದು ಬುದ್ಧಿ ಹೇಳುವವರು ತಾವು ಮಾತ್ರ ಮಾಡಿಸಿಕೊಳ್ಳಲಿಲ್ಲ. ವಿಷಯ ಹೊರಬಿದ್ದರೆ ಮೇಲಿನವರು ಕಡತಗಳ ಮುಂದೆ ಕೂರಿಸುತ್ತಾರೆ, ಕೋಣೆ ಕೈತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಿವುಡಿಗೆ ಬೆನ್ನು ತಿರುಗಿಸಿಕೊಂಡು ಬಾಗಿಲ ಮಾತನ್ನು ಯಾರು ಹೇಳುತ್ತಾರೆ? ಅವರು ಕುರ್ಚಿಯನ್ನು ಹತ್ತಿರ ಎಳೆದರು, ತುಟಿ ಓದಲು ಕಲಿತರು. ಎದೆಬಡಿತದಲ್ಲಿ ಕೊಂಚ ಅನುಮಾನ ಬಂದರೂ ರೋಗಿಯನ್ನು ಪಕ್ಕದ ಕೋಣೆಯ ಮರಿ ಡಾಕ್ಟ್ರ ಬಳಿಗೆ ಕಳಿಸಿ, "ನೀನೂ ಒಂದ್ಸಲ ಕೇಳಮ್ಮ, ಕಲಿತ ಹಾಗಾಗುತ್ತೆ" ಎನ್ನುತ್ತಿದ್ದರು. ಗುರುಗಳು ತನ್ನನ್ನು ತಿದ್ದುತ್ತಿದ್ದಾರೆಂದು ಮರಿ ಡಾಕ್ಟ್ರು ಬೀಗುತ್ತಿದ್ದಳು.

ಎಲ್ಲರಿಗಿಂತ ಮೊದಲು ಗೊತ್ತಾದದ್ದು ಡ್ರೈವರಣ್ಣನಿಗೆ. ಅವರು ಯಾರಿಗೂ ಹೇಳಲಿಲ್ಲ. ಡಾಕ್ಟರಮ್ಮನವರನ್ನು ಕರೆಯಬೇಕಾದಾಗ ಅವರ ಬಾಗಿಲ ಪಕ್ಕದ ಟೋಕನ್ ಮೇಜನ್ನು ಎರಡು ಸಲ ಗುದ್ದುವ ಅಭ್ಯಾಸ ಮಾಡಿಕೊಂಡರು. ಆ ಗುದ್ದು ಹಳೆಯ ಕಟ್ಟಡದ ನೆಲದ ಮರದ ಹಲಗೆಗಳ ಮೂಲಕ ಅವರ ಕಾಲಿಗೆ ತಲುಪುತ್ತಿತ್ತು. ಯಾಕೆ ಹೀಗೆ ಎಂದು ಮರಿ ಡಾಕ್ಟ್ರು ಕೇಳಿದಾಗ, "ಹಾರ್ನ್ ಹೊಡೆದ್ರೆ ತಾನೇ ದಾರಿ ಸಿಗೋದು?" ಎಂದು ನಕ್ಕರು. ಅವಳು ಅದನ್ನು ತಮಾಷೆಯ ಲೆಕ್ಕಕ್ಕೆ ಹಾಕಿಬಿಟ್ಟಳು.

ಒಂದು ದಿನ ಇಸ್ತ್ರಿ ಅಂಗಡಿಯ ಹೆಂಗಸು ಸುಟ್ಟ ಬೆರಳಿಗೆ ಮುಲಾಮು ಹಚ್ಚಿಸಿಕೊಂಡು, ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಡಾಕ್ಟರಮ್ಮನವರಿಗೆ ಕಂಡದ್ದು ಮೇಲೆದ್ದು ಕೆಳಗಿಳಿದ ಭುಜ ಮಾತ್ರ. "ಏನಂದ್ರಿ?" ಎಂದರು. "ಏನಿಲ್ಲ ಬಿಡಿ, ಡಾಕ್ಟರಮ್ಮ" ಎಂದು ಅವಳು ಹೊರಟುಹೋದಳು. ಬಾಗಿಲ ಮಾತನ್ನು ಯಾರೂ ಎರಡನೇ ಸಲ ಹೇಳುವುದಿಲ್ಲ. ಅಂದು ಸಂಜೆ ಡಾಕ್ಟರಮ್ಮ ಒಂದು ಸೀರೆ ಹಿಡಿದುಕೊಂಡು ಅವಳ ಅಂಗಡಿಗೆ ಹೋಗಿ, ಅವಳು ಅದಕ್ಕೆ ಇಸ್ತ್ರಿ ಮಾಡಿ ಮುಗಿಸುವವರೆಗೂ ಎದುರಿಗೇ ನಿಂತರು. ಸೀರೆ ಮಡಚಿ ಕೈಗಿಡುವಾಗ ಅವಳ ತುಟಿ ಮತ್ತೆ ಆಡಿತು: ಎದೆಯಲ್ಲಿ ಒಂದು ಗಂಟು, ಐದು ತಿಂಗಳಿಂದ. ಅವಳು ಇಂದು ಗುಣಮುಖಳಾಗಿದ್ದಾಳೆ. ಡಾಕ್ಟರಮ್ಮ ಮಾತ್ರ ಆ ಸೀರೆಯನ್ನು ಬಿಚ್ಚಿ ಉಡಲೇ ಇಲ್ಲ.

ಆ ವರ್ಷದ ಕೊನೆಗೆ ನಮ್ಮ ಕೇಂದ್ರಕ್ಕೆ ಮಾತು ಕೇಳಿ ಬರೆದುಕೊಳ್ಳುವ ಯಂತ್ರ ಬಂತು. ವೈದ್ಯರು ಬರೆಯುವ ಗೋಜಿಲ್ಲದೆ ರೋಗಿಯ ಮುಖ ನೋಡಲಿ ಎಂಬುದು ಅದರ ಉದ್ದೇಶ. ಹಿರಿಯರು ಮೂಗು ಮುರಿಯುತ್ತಾರೆ ಎಂದುಕೊಂಡೇ ಅದನ್ನು ಜೋಡಿಸಿ ಕಲಿಸಿಕೊಡಲು ಬಂದಿದ್ದ ಯಂತ್ರದ ಮೇಷ್ಟ್ರು, ಡಾಕ್ಟರಮ್ಮ ಎರಡೂ ಕೈ ಚಾಚಿ ಅದನ್ನು ಬರಮಾಡಿಕೊಂಡದ್ದು ನೋಡಿ ಕಕ್ಕಾಬಿಕ್ಕಿಯಾದರು. ಅಕ್ಷರ ದೊಡ್ಡದಿರಲಿ ಎಂದರು ಡಾಕ್ಟರಮ್ಮ. ಪರದೆ ಮೇಜಿನ ಮೇಲೆ ಬೇಡ, ರೋಗಿಯ ಕುರ್ಚಿಯ ಹಿಂದಿನ ಗೋಡೆಗೆ, ಅವರ ತಲೆಯ ಪಕ್ಕಕ್ಕೆ ಇರಲಿ ಎಂದರು. ಹಾಗಾಗಿ ಅವರು ಪರದೆ ಓದಿದರೂ ಮುಖ ನೋಡಿದಂತೆಯೇ ಇರುತ್ತಿತ್ತು. "ಈಗೀಗ ಡಾಕ್ಟರಮ್ಮ ನಮ್ಮನ್ನ ಇನ್ನೂ ಚೆನ್ನಾಗಿ ನೋಡ್ತಾರೆ" ಎಂದು ಜನ ಕೊಂಡಾಡಿದರು. ಯಾರದೋ ನೋವು ಅಕ್ಷರ ಅಕ್ಷರವಾಗಿ ಆ ರೋಗಿಯ ಕಿವಿಯ ಪಕ್ಕದಲ್ಲೇ ಬೆಳಗಿ ಮೂಡುವುದನ್ನು ನೋಡುತ್ತ ಡಾಕ್ಟರಮ್ಮ ಮೊದಲ ದಿನ ಅತ್ತರಂತೆ.

ತೊಡಕಿದ್ದದ್ದು ಒಂದೇ. ಸಮಾಲೋಚನೆ ಮುಗಿಯಿತೆಂದು ಒತ್ತಿದೊಡನೆ ಯಂತ್ರ ಕಿವಿ ಮುಚ್ಚಿಕೊಳ್ಳುತ್ತಿತ್ತು, ಬಾಗಿಲವರೆಗೂ ಅದರ ಕಿವಿ ಎಟುಕುತ್ತಲೂ ಇರಲಿಲ್ಲ. ಬಾಗಿಲ ಪಕ್ಕ ಇನ್ನೊಂದು ಮೈಕ್ ಬೇಕು, ಬಾಗಿಲು ಮುಚ್ಚುವವರೆಗೂ ಯಂತ್ರ ಕೇಳುತ್ತಿರಬೇಕು ಎಂದು ಡಾಕ್ಟರಮ್ಮ ಪಟ್ಟು ಹಿಡಿದರು.

"ಅಲ್ಲಿ ಚಪ್ಪಲಿ ಸದ್ದು ಬಿಟ್ರೆ ಇನ್ನೇನು ಸಿಗುತ್ತೆ, ಮೇಡಂ?" ಎಂದರು ಮೇಷ್ಟ್ರು.

"ನೀವು ಈಗ ಹೊರಡ್ತೀರಲ್ಲ, ನೋಡೋಣ" ಎಂದರು ಡಾಕ್ಟರಮ್ಮ, ಕೈಕಟ್ಟಿ ಕುಳಿತು.

ಮೇಷ್ಟ್ರು ಚೀಲ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ, ನಿಂತರು. "ಅಲ್ಲ, ನಂಗೂ ಒಂದು ತಿಂಗಳಿಂದ ನಿದ್ದೇನೇ ಬರ್ತಿಲ್ಲ" ಎಂದರು. ಮರುವಾರವೇ ಎರಡೂ ಕೋಣೆಗಳ ಬಾಗಿಲಿಗೆ ಮೈಕ್ ಬಂತು. ಯಂತ್ರ ಬಾಗಿಲವರೆಗೂ ಕೇಳುತ್ತದೆ, ಬೇಡವಾದರೆ ಹೇಳಿ, ನಿಲ್ಲಿಸುತ್ತೇವೆ ಎಂಬ ಫಲಕವೂ ಬಂತು. ಅದನ್ನು ಡ್ರೈವರಣ್ಣ ಟೋಕನ್ ಕೊಡುವಾಗ ಪ್ರತಿಯೊಬ್ಬರಿಗೂ ಓದಿ ಹೇಳುತ್ತಿದ್ದರು. ವಿಡಿಯೊದಲ್ಲಿ ರೋಗಿಗಳನ್ನು ನೋಡುವ ಪದ್ಧತಿ ಬಂದಾಗ ಅಲ್ಲಿ ಬಾಗಿಲೇ ಇರಲಿಲ್ಲ. ಡಾಕ್ಟರಮ್ಮ "ಆಯ್ತು, ಹೋಗಿ ಬನ್ನಿ" ಎಂದ ಮೇಲೂ ಕರೆ ಕಡಿಯದೆ ಒಂದು ನಿಮಿಷ ಸುಮ್ಮನೆ ಇರುತ್ತಿದ್ದರು. ಆಚೆಯವರು ಫೋನಿಗೆ ಬೆರಳು ತಂದು, ತಡೆದು, ಹೇಳಬೇಕಾದದ್ದನ್ನು ಹೇಳುತ್ತಿದ್ದರು. ಈಗ ಈ ಎರಡೂ ಪದ್ಧತಿಗಳು ಹತ್ತಾರು ಕೇಂದ್ರಗಳಲ್ಲಿವೆ. ಇದು ಅವರ ದೂರದೃಷ್ಟಿ ಎಂದು ಸಭೆಗಳಲ್ಲಿ ಹೇಳುತ್ತಾರೆ. ದೃಷ್ಟಿಯೂ ಹೌದು, ಕಿವಿಯೂ ಹೌದು.

ಇನ್ನು ಮರಿ ಡಾಕ್ಟ್ರು. ಪ್ರತಿದಿನ ನಾಲ್ಕು ಗಂಟೆಗೆ ಡಾಕ್ಟರಮ್ಮ ಚಹಾದ ಲೋಟ ಹಿಡಿದು ಅವಳ ಕೋಣೆಗೆ ಬಂದು ರೋಗಿಯ ಬೆಂಚಿನ ತುದಿಗೆ ಒರಗಿ ನಿಲ್ಲುತ್ತಿದ್ದರು. ಔಷಧದ ದಾಸ್ತಾನು, ರಜೆಯ ಅರ್ಜಿ, ಸೋರುವ ನಲ್ಲಿ, ಏನಾದರೊಂದು ಮಾತಾಡಿ ಹೊರಡುತ್ತಿದ್ದರು. ಬಾಗಿಲಲ್ಲಿ ಒಂದು ಗಳಿಗೆ ತಡೆದು ನಿಲ್ಲುತ್ತಿದ್ದರು. ಮೂರು ವರ್ಷ ಪ್ರತಿದಿನ ತಡೆದು ನಿಂತರು. ಬರೆಯುವ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿಯಾಗಿದ್ದರೂ ಮರಿ ಡಾಕ್ಟ್ರು ಪರದೆಯಿಂದ ತಲೆ ಎತ್ತುತ್ತಿರಲಿಲ್ಲ. ಎದುರಿನವರು ತಲೆ ಎತ್ತದಿದ್ದರೆ ಬಾಗಿಲ ಮಾತು ಗಂಟಲಲ್ಲೇ ಉಳಿಯುತ್ತದೆ ಎಂದು ಅವಳಿಗೆ ಕಲಿಸಿದವರೇ ಅಲ್ಲಿ ನಿಂತಿದ್ದರು.

ನಿವೃತ್ತಿಗೆ ನಾಲ್ಕು ದಿನ ಉಳಿದಿತ್ತು. ಡಾಕ್ಟರಮ್ಮ ಬಂದರು, ನಲ್ಲಿಯ ಮಾತಾಡಿದರು, ಹೊರಟರು. ಮರಿ ಡಾಕ್ಟ್ರು "ಹ್ಞೂಂ" ಎಂದಳು. ಹಿಂದಿನ ರೋಗಿ ಹೋದ ಮೇಲೆ ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲವಾದ್ದರಿಂದ ಅವಳ ಯಂತ್ರ ಇನ್ನೂ ಕೇಳುತ್ತಿತ್ತು. ಪರದೆಯ ಮೇಲೆ ಒಂದು ಸಾಲು ಮೂಡಿತು. "ಈ ಕಿವಿ ಆರು ವರ್ಷದಿಂದ ಸರಿಯಾಗಿ ಕೇಳಿಸ್ತಿಲ್ಲ ಕಣಮ್ಮ. ಹೋಗ್ಲಿ ಬಿಡು."

ಅವಳು ಅದನ್ನು ಎರಡು ಸಲ ಓದಿದಳು. ತಲೆ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ. ಹಜಾರಕ್ಕೆ ಓಡಿ ಬಂದು "ಡಾಕ್ಟರಮ್ಮಾ" ಎಂದು ಕೂಗಿದಳು. ಸಂಜೆಬಿಸಿಲು ತುಂಬಿದ ಆ ಉದ್ದನೆಯ ಹಜಾರದಲ್ಲಿ ಬಿಳಿ ಕೋಟಿನ ಬೆನ್ನು ತನ್ನ ಪಾಡಿಗೆ ತೇಲಿ ಹೋಗುತ್ತಲೇ ಇತ್ತು. ಮೂರು ಸಲ ಕೂಗಿದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು, ಅವರೊಬ್ಬರು ತಿರುಗಲಿಲ್ಲ. ಆಗ ಡ್ರೈವರಣ್ಣ ಮೇಜನ್ನು ಎರಡು ಸಲ ಗುದ್ದಿದರು. ಡಾಕ್ಟರಮ್ಮ ನಿಂತು, ತಿರುಗಿದರು.

ಮರಿ ಡಾಕ್ಟ್ರು ಅವರ ಎದುರಿಗೆ ಬಂದು, ತುಟಿ ಕಾಣುವಂತೆ ನಿಂತು ಹೇಳಿದಳು. "ಒಳಗೆ ಬನ್ನಿ. ಕೂತ್ಕೊಂಡು ಹೇಳಿ."

ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಡಾಕ್ಟರಮ್ಮ ರೋಗಿಯ ಕುರ್ಚಿಯಲ್ಲಿ ಕುಳಿತರು. ಸಾಲಿನಲ್ಲಿದ್ದವರು ಒಬ್ಬರೂ ಗೊಣಗಲಿಲ್ಲ. ಅವರು ಹೇಳಿದ್ದೇ ಈ ಲೇಖನ. ಯಾರಿಗೂ ನಾನು ಕೆಡುಕು ಮಾಡಿಲ್ಲ ತಾನೇ ಎಂದು ಅವರು ಮತ್ತೆ ಮತ್ತೆ ಕೇಳಿದರು. ಇಬ್ಬರೂ ಕುಳಿತು ಮೂರು ದಿನ ಹಳೆಯ ಟಿಪ್ಪಣಿಗಳನ್ನೆಲ್ಲ ತಿರುವಿ ನೋಡಿದೆವು. ಇಲ್ಲ, ಡಾಕ್ಟರಮ್ಮ, ಮಾಡಿಲ್ಲ. ಈ ಮಾತನ್ನು ಅಚ್ಚಿನಲ್ಲಿ ಓದಬೇಕೆಂಬುದು ಅವರ ಆಸೆಯಾಗಿತ್ತು.

ಈಗ ಅವರ ಎರಡೂ ಕಿವಿಯಲ್ಲಿ ಕಡಲೆಕಾಳಿನಷ್ಟು ಚಿಕ್ಕ ಯಂತ್ರಗಳಿವೆ. ವಾರಕ್ಕೊಂದು ದಿನ ಕೇಂದ್ರಕ್ಕೆ ಬಂದು, ಕೋಣೆಯೊಳಗಲ್ಲ, ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಳಗೆ ಹೇಳಲಾಗದೆ ಬಂದವರು ಅಲ್ಲಿ ಹೇಳುತ್ತಾರೆ. ಆ ಕುರ್ಚಿ ಇನ್ನೂ ಬಹಳ ವರ್ಷ ಅಲ್ಲೇ ಇರಲಿ, ಅದರಲ್ಲಿ ಅವರೇ ಇರಲಿ, ನಮ್ಮ ಯಂತ್ರಗಳಿಗೆ ಕೈಕಟ್ಟಿ ಕಾಯುವುದನ್ನು ಕಲಿಸುತ್ತಿರಲಿ, ಮರದ ಗುಬ್ಬಿಗಳು ಅವರಿಗೆ ಪ್ರತಿ ಬೆಳಗ್ಗೆ ಕೇಳಿಸುತ್ತಿರಲಿ ಎಂದು ಹಾರೈಸುತ್ತೇವೆ.

ಕಿವಿಯಂತ್ರ ಹಾಕಿಕೊಂಡು ಬಂದ ಮೊದಲ ದಿನ ಡ್ರೈವರಣ್ಣ ರೂಢಿಯಂತೆ ಮೇಜು ಗುದ್ದಿದಾಗ ಡಾಕ್ಟರಮ್ಮ ಕುರ್ಚಿಯಿಂದ ಹಾರಿಬಿದ್ದರು.

"ಇಷ್ಟು ಜೋರಾಗಿ ಬಡೀತೀಯೇನಯ್ಯ ನೀನು?"

"ಆರು ವರ್ಷದಿಂದ ಹೀಗೇ ಬಡೀತಿದೀನಿ, ಡಾಕ್ಟರಮ್ಮ" ಎಂದರು ಡ್ರೈವರಣ್ಣ. "ನಾನು ಬಾಗಿಲಲ್ಲಿ ಹೇಳಿದ್ದನ್ನ ನೀವು ಇವತ್ತೇ ಮೊದಲು ಕೇಳಿಸ್ಕೊಂಡಿದ್ದು."