ಗುರುತು ಹಾಕದ ಮೊದಲನೆಯ ಪ್ರಶ್ನೆ

ಅಕ್ಟೋಬರ್ ಒಂಬತ್ತು, ಮಧ್ಯಾಹ್ನ ಮೂರು ಗಂಟೆ, ಸ್ವೀಡನ್ನಿನ ಸೊಲ್ಲೆಂಟುನಾ ಊರಿನ ನಮ್ಮ ಮನೆ. ಹಾಜರಿದ್ದವರು ನಾನು ಮತ್ತು ಬಾಡಿಗೆಗೆ ಕೋಣೆ ಕೇಳಿ ಬಂದ ಹುಡುಗಿ. ಮಗಳು ಸಂಶೋಧನೆಗೆಂದು ದೂರದ ಉತ್ತರದ ಊರು ಲುಲೆಯೊಗೆ ಹೋದ ಮೇಲೆ ಅವಳು ಓದುತ್ತಿದ್ದ ಕೋಣೆ ಖಾಲಿಯಿತ್ತು. ಅಳಿಯ ಕಿಸ್ಟಾದ ಆಫೀಸಿನಲ್ಲಿದ್ದರು. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳೆಂದು ವಿಚಾರಣೆಯ ಕೆಲಸ ನನ್ನದು. ಹಿಂದಿನ ದಿನವೇ ಎಂಟು ಪ್ರಶ್ನೆ ಬರೆದಿಟ್ಟಿದ್ದೆ.

ಹುಡುಗಿ ಕಪ್ಪು ಬಣ್ಣದವಳು, ನರ್ಸಿಂಗ್ ಓದುತ್ತಿದ್ದಳು. ಐದು ನಿಮಿಷ ಮೊದಲೇ ಬಂದು ಬೂಟುಗಳನ್ನು ಗೋಡೆಗೆ ನೇರವಾಗಿ ಇಟ್ಟಳು. ಅಷ್ಟಕ್ಕೇ ನನಗೆ ಹಿಡಿಸಿದಳು. ಇಂಗ್ಲಿಷಿನಲ್ಲಿ ಒಂದೊಂದೇ ಕೇಳುತ್ತ ಗುರುತು ಹಾಕಿದೆ.

"ರಾತ್ರಿ ಮನೆಗೆ ತಡವಾಗಿ ಬರುವುದುಂಟೋ?"

"ಇವತ್ತೊಂದು ದಿನ. ಗುಲಾಮಗಿರಿ ಮುಗಿದದ್ದರ ಸ್ಮರಣೆಯ ಸಭೆಯಿದೆ."

"ಯಾವ ದೇಶದ್ದು?"

"ಈ ದೇಶದ್ದೇ."

ಪೆನ್ನು ಕೆಳಗಿಟ್ಟೆ. ಕೆರಿಬಿಯನ್ನಿನ ಒಂದು ದ್ವೀಪ ಸ್ವೀಡನ್ನಿನ ಕೈಯಲ್ಲಿತ್ತಂತೆ. ಅಲ್ಲಿನ ಕೊನೆಯ ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು ಇದೇ ತಾರೀಖಿನಂದು. ಔಷಧದಂಗಡಿಯಲ್ಲೂ ಚೀಟಿ ಹಿಡಿದು ಸರದಿ ಕಾಯುವ ಈ ಜನರೇ ಗುಲಾಮರನ್ನು ಇಟ್ಟುಕೊಂಡಿದ್ದವರು?

"ಅದು ಮುಗಿದು ಎಷ್ಟೋ ಕಾಲವಾಯಿತಲ್ಲ," ಎಂದೆ.

"ಮುಗಿಯಿತು. ನಾನು ಹುಟ್ಟಿದ್ದೂ ಇಲ್ಲೇ. ಆದರೂ ನಾನು ಕೇಳುತ್ತಿರುವ ಐದನೆಯ ಕೋಣೆ ಇದು. ಫೋನಿನಲ್ಲಿ ಕೇಳಿದಾಗ ಕೋಣೆ ಇರುತ್ತದೆ, ನನ್ನ ಮುಖ ಕಂಡ ಮೇಲೆ ಇರುವುದಿಲ್ಲ," ಎಂದು ನಕ್ಕಳು. ಆಮೇಲೆ ಹಾಳೆಗೆ ಬೆರಳು ತೋರಿದಳು. "ಮೊದಲನೆಯದಕ್ಕೆ ಗುರುತೇ ಹಾಕಿಲ್ಲ. ಏನದು?"

ಅವಳಿಗೆ ಕನ್ನಡ ಬಾರದು. 'ನಮ್ಮ ಜನವೇ?' ಎಂದು ನನ್ನ ಕೈಬರಹದಲ್ಲೇ ಇತ್ತು. ಬಾಗಿಲು ತೆಗೆದ ಕೂಡಲೇ ಉತ್ತರ ಸಿಕ್ಕಿತ್ತು, ಅದಕ್ಕೇ ಕೇಳಿರಲಿಲ್ಲ.

ಅಷ್ಟರಲ್ಲಿ ಅಳಿಯನ ಫೋನು. "ಅತ್ತೆ, ನೋಡೋಕೆ ಹೇಗಿದಾಳೆ? ಕಪ್ಪಾ?"

"ಹೌದು."

"ಅಯ್ಯೋ, ರೂಮ್ ಹೋಯ್ತು ಅಂದ್ಬಿಡಿ. ನಮ್ಮೋರೇ ಯಾರಾದ್ರೂ ಸಿಕ್ತಾರೆ."

"ಒಗ್ಗರಣೆ ವಾಸನೆ ಆಗಲ್ಲ ಅಂತ ಇಲ್ಲೇ ಯಾರೋ ನಿಮಗೆ ಮನೆ ಕೊಡಲಿಲ್ಲವಲ್ಲ, ಆ ವಾರ ನೀವು ಸರಿಯಾಗಿ ಊಟ ಮಾಡ್ಲಿಲ್ಲ."

"ಅದು ಬೇರೆ, ಅತ್ತೆ."

"ಹೇಗೆ ಬೇರೆ? ನಾನು ಸುಳ್ಳು ಹೇಳಲ್ಲ. ಇಲ್ಲೇ ಇದಾಳೆ, ಫೋನ್ ಕೊಡ್ತೀನಿ, ನೀವೇ ಹೇಳಿ."

"ಫೋನ್ ಬೇಡ... ರೂಮ್ ಕೊಟ್ಬಿಡಿ."

ತಿರುಗಿದರೆ ಹುಡುಗಿ ಆಗಲೇ ಒಂದು ಬೂಟು ಹಾಕಿಕೊಂಡಿದ್ದಳು. ಮಾತು ತಿಳಿಯದಿದ್ದರೂ ದನಿ ತಿಳಿದಿರಬೇಕು. ಕೋಣೆ ಅವಳದೇ ಎಂದೆ. ಮೊದಲನೆಯ ಪ್ರಶ್ನೆಯನ್ನೂ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಈ ಸಲ ನಗಲಿಲ್ಲ. ನನ್ನನ್ನೇ ನೋಡುತ್ತ ಮನೆಯ ಕೀಲಿಗಾಗಿ ಕೈ ಚಾಚಿದಳು.

ಅವಳು ಸಭೆಗೆ ಹೊರಟ ಮೇಲೆ, ನಾಲ್ಕೂಕಾಲಿಗೆ, ಬಾಗಿಲಿನ ಮೇಲೆ ನಮ್ಮ ಹೆಸರುಗಳ ಕೆಳಗೆ ಅವಳ ಹೆಸರಿನ ಚೀಟಿ ಅಂಟಿಸಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.