ಗೌರತ್ತೆಯ ತಳ್ಳುಹಲಗೆ

ಸಾಗುವಾನಿ ಕೊಯ್ಯುವ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನಾನು ಗುಬ್ಬಿ ಊರಿನ ತಾತನ ಮನೆಯ ಹಿತ್ತಿಲ ಶೆಡ್ಡಿನಲ್ಲಿ ನಿಂತುಬಿಡುತ್ತೇನೆ. ತುಸು ಒಗರು, ತುಸು ಎಣ್ಣೆಜಿಡ್ಡು, ಬ್ಲೇಡು ಬಿಸಿಯಾದಾಗ ತಳಹಿಡಿದ ಬೆಲ್ಲದಂಥ ಘಾಟು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವಿದ್ದದ್ದು ತುಮಕೂರಿನ ಸದಾಶಿವನಗರದಲ್ಲಿ. ಶಾಲೆಗೆ ರಜೆ ಬಂತೆಂದರೆ ಅಪ್ಪ ನನ್ನನ್ನು ಗುಬ್ಬಿಯ ಬಸ್ಸು ಹತ್ತಿಸುತ್ತಿದ್ದರು. ಅಲ್ಲಿ ಅಜ್ಜಿ, ದೊಡ್ಡಪ್ಪ, ಮತ್ತೆ ಅಪ್ಪನ ತಂಗಿ ಗೌರತ್ತೆ. ತಾತ ಇರುವವರೆಗೆ ಆ ಶೆಡ್ಡಿನಲ್ಲಿ ದೇವರ ಪಟಗಳಿಗೆ ಮರದ ಕಟ್ಟು ಹಾಕುವ ಕೆಲಸ ನಡೆಯುತ್ತಿತ್ತು. ತಾತ ಹೋದ ಮೇಲೆ ಗರಗಸದ ಮಿಷನ್ನು ಸುಮ್ಮನಾಗಿ, ಅದರ ಮೇಜಿನ ಮೇಲೆ ಅಜ್ಜಿಯ ಹುಣಸೆಹಣ್ಣಿನ ಮಂಕರಿಗಳು ಕೂತಿದ್ದವು.

ಗೌರತ್ತೆಯನ್ನು ಕುಣಿಗಲ್ಲಿಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಒಂದು ಸಲ ಎಡಗೈ ಮಣಿಕಟ್ಟು ಮುರಿಯಿತು; ಯಾರೂ ಆಸ್ಪತ್ರೆಗೆ ಕರೆದೊಯ್ಯದೆ ಮೂಳೆ ಸೊಟ್ಟಗೇ ಕೂಡಿಕೊಂಡಿತು. ಅದೇ ಕೈಯಲ್ಲಿ ಒಂದು ಚೀಲ ಹಿಡಿದು ಬಸ್ಸಿಳಿದು ಬಂದವಳು, ಹಬ್ಬಕ್ಕೆ ಬಂದೆ ಎಂದೂ ಹೇಳಲಿಲ್ಲ, ಹೋಗುತ್ತೇನೆ ಎಂದೂ ಹೇಳಲಿಲ್ಲ. ದೊಡ್ಡಪ್ಪ ಕೆಟ್ಟವರಲ್ಲ, ಆದರೆ ಬೀದಿಯವರ ಬಾಯಿಗೆ ಹೆದರುತ್ತಿದ್ದರು. ಮಿಷನ್ನನ್ನು ಗುಜರಿಗೆ ಹಾಕಿ, ಶೆಡ್ಡು ಕೆಡವಿ, ತಂಗಿಯನ್ನು ಕುಣಿಗಲ್ಲಿಗೆ ಬಿಟ್ಟುಬರಬೇಕೆಂದು ಅವರು ಮನಸ್ಸು ಮಾಡಿದ್ದ ಬೇಸಿಗೆಯಲ್ಲೇ ಗೌರತ್ತೆ ಹುಣಸೆಯ ಮಂಕರಿಗಳನ್ನೆಲ್ಲ ಎತ್ತಿ ಅಂಗಳದಲ್ಲಿಟ್ಟು, ಸೀಮೆಎಣ್ಣೆಯ ಬಟ್ಟೆಯಿಂದ ಮೇಜು ಒರೆಸತೊಡಗಿದಳು.

ಪಟದ ಕಟ್ಟಿನ ಜೀವವೆಲ್ಲ ಮೂಲೆಯಲ್ಲಿ. ನಾಲ್ಕು ಪಟ್ಟಿಗಳ ತುದಿಯನ್ನೂ ಒಂದೇ ಓರೆಯಲ್ಲಿ ಕೊಯ್ದರೆ ಮೂಲೆ ಮುಚ್ಚಿಕೊಳ್ಳುತ್ತದೆ. ಕೂದಲೆಳೆ ತಪ್ಪಿದರೂ ಬಾಯಿ ಬಿಡುತ್ತದೆ. ತಾತ ಪಟ್ಟಿ ಸೀಳುವುದಕ್ಕಷ್ಟೇ ಮಿಷನ್ನು ಬಳಸಿ, ಈ ಓರೆಯನ್ನು ಕೈಗರಗಸದಲ್ಲೇ ಕೊಯ್ಯುತ್ತಿದ್ದರು, ಎಡಗೈಯಲ್ಲಿ ಮರವನ್ನು ಬಿಗಿಯಾಗಿ ಅದುಮಿ. ಗೌರತ್ತೆಗೆ ಆ ಹಿಡಿತವಿರಲಿಲ್ಲ. ಅದಕ್ಕೇ ಅವಳು ಒಂದು ಅಗಲ ಹಲಗೆಯ ಮೇಲೆ ಎರಡು ಮರದ ತುಂಡುಗಳನ್ನು ಓರೆಯಾಗಿ ಬಡಿದಳು. ಪಟ್ಟಿಯನ್ನು ಅದಕ್ಕೆ ಒತ್ತಿ ಕೂರಿಸಿ, ಹಲಗೆಯನ್ನೇ ಬ್ಲೇಡಿನತ್ತ ತಳ್ಳಿದರಾಯಿತು. ಹಲಗೆ ಆಚೀಚೆ ಸರಿಯದಂತೆ ಅದರ ಅಡಿಗೆ ಹಾಕಿದ ರೀಪುಗಳು ಮೇಜಿನಲ್ಲಿ ಉದ್ದಕ್ಕೆ ಕೊರೆದಿದ್ದ ಕಾಲುವೆಗಳೊಳಗೆ ಜಾರುತ್ತಿದ್ದವು. ನೋಡಲು ಚೆಂದ. ಆದರೆ ಮೊದಲ ಮೂಲೆಯೇ ಬಾಯಿ ಬಿಟ್ಟಿತು.

ತಪ್ಪು ಮೇಜಿನದು. ನಡುವಿನ ಕಬ್ಬಿಣ ನೆಟ್ಟಗಿತ್ತು. ಎರಡೂ ಪಕ್ಕಕ್ಕೆ ಬೋಲ್ಟು ಹಾಕಿ ಸೇರಿಸಿದ್ದ ಸೈಡ್ ಪ್ಲೇಟುಗಳು ಬೇರೆ ಯಾವುದೋ ಹಳೆಯ ಮಿಷನ್ನಿನವು. ಒಂದು ತಗ್ಗು, ಇನ್ನೊಂದು ಎತ್ತರ. ಅಗಲ ಹಲಗೆ ಎತ್ತರದ ಪ್ಲೇಟನ್ನು ಏರಿದೊಡನೆ ಒಂದು ಮಗ್ಗುಲು ಎದ್ದು ಕುಂಟುತ್ತಿತ್ತು. ಗೌರತ್ತೆ ಬೋಲ್ಟು ಸಡಿಲಿಸಿ ಡಬ್ಬಿಯ ತಗಡು ಕತ್ತರಿಸಿ ಪ್ಲೇಟಿನ ಸಂದಿಗೆ ತೂರಿಸಿದಳು. ಮುಂದೆ ಸರಿಹೋದರೆ ಹಿಂದೆ ಏಳುತ್ತಿತ್ತು, ಯಾಕೆಂದರೆ ಆ ಪ್ಲೇಟೇ ತಿರುಚಿಕೊಂಡಿತ್ತು. ದೊಡ್ಡಪ್ಪ ಬಾಗಿಲಲ್ಲಿ ನಿಂತು, “ಆ ಕೈ ಇಟ್ಕೊಂಡು ಇದೆಲ್ಲ ಬೇಕೇನೇ ಗೌರಿ? ಇರೋ ಬೆರಳೂ ಹೋಯ್ತದೆ. ನಾಳೆ ನಿನ್ ಗಂಡನ ಅಣ್ಣ ಬರ್ತಾವ್ನೆ. ಸುಮ್ನೆ ಹೊರಡು,” ಅಂದರು. ಅವಳು ಇನ್ನೊಂದು ತಗಡು ಕತ್ತರಿಸಿದಳು.

ಮಾರನೆಯ ದಿನ ಗಂಡನ ಅಣ್ಣ ಬಂದರು. ಬಿಳಿ ಷರ್ಟು, ಹೆಗಲ ಮೇಲೆ ಟವೆಲ್ಲು. ಕಾಫಿ ಕುಡಿದು ಶೆಡ್ಡಿನ ಬಾಗಿಲಿಗೇ ಬಂದು ಗದರಿದರು. “ಏನಮ್ಮ ಇದು? ಹೆಂಗಸ್ರು ಮಾಡೋ ಕೆಲ್ಸವಾ? ಮಾನ ಮರ್ಯಾದೆ ಬ್ಯಾಡ್ವಾ? ಎತ್ಕೋ ಚೀಲ.”

ಗೌರತ್ತೆ ಹಲಗೆಯನ್ನು ಮಗುಚಿಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಹೊನ್ನೆ ಮರದ ಎರಡು ತೆಳು ಪಟ್ಟಿಗಳಿದ್ದವು. ಅವನ್ನು ಹಲಗೆಯ ಅಡಿಗೆ, ನಡುವಿನ ಮೇಜಿನ ಅಗಲದೊಳಗೇ ಬರುವಂತೆ ಇಟ್ಟು ಸ್ಕ್ರೂ ತಿರುಗಿಸುತ್ತಿದ್ದಳು. ಈಗ ಹಲಗೆಯ ಭಾರವೆಲ್ಲ ಆ ಪಟ್ಟಿಗಳ ಮೇಲೆ. ಡೊಂಕು ಪ್ಲೇಟುಗಳ ಮೇಲೆ ಅದು ಗಾಳಿಯಲ್ಲೇ ಹಾದುಹೋಗುತ್ತಿತ್ತು.

ಅಜ್ಜಿ ಹಿಂದಿನಿಂದ ಮೆಲ್ಲಗೆ, “ಆ ಪಿಲೇಟು ನೆಟ್ಟಗಾಯ್ತೇನೇ?” ಅಂದಳು.

“ಅದು ಆಗಲ್ಲ ಕಣವ್ವ. ಅದನ್ನ ಮುಟ್ದೇ ಇದ್ರಾಯ್ತು ಬುಡು.”

ಹಲಗೆಯನ್ನು ಮೇಜಿಗಿಟ್ಟು ಅವಳು ಸ್ವಿಚ್ಚು ಒತ್ತಿದಳು. ಮೋಟಾರು ಮೊರೆಯಿತು. ಬಾಗಿಲಲ್ಲಿದ್ದವರು ಇನ್ನೂ ಏನೇನೋ ಹೇಳುತ್ತಿದ್ದರು. ತುಟಿ ಮಾತ್ರ ಆಡುತ್ತಿತ್ತು, ನಮಗೆ ಒಂದಕ್ಷರವೂ ಕೇಳಿಸಲಿಲ್ಲ. ಸೊಟ್ಟ ಕೈಯನ್ನು ಹಲಗೆಯ ಅಂಚಿಗೆ ಆನಿಸಿ, ಬಲಗೈಯಿಂದ ತಳ್ಳಿ, ಗೌರತ್ತೆ ಒಂದೊಂದೇ ತುದಿಯನ್ನು ಕೊಯ್ದಳು. ಹಲಗೆ ಒಮ್ಮೆಯೂ ಕುಂಟಲಿಲ್ಲ. ಮೋಟಾರು ನಿಲ್ಲಿಸಿ ನಾಲ್ಕು ಪಟ್ಟಿಗಳನ್ನು ನೆಲದ ಮೇಲೆ ಜೋಡಿಸಿದಳು. ದೊಡ್ಡಪ್ಪ ಕುಕ್ಕರುಗಾಲಲ್ಲಿ ಕೂತು ಮೂಲೆಗೆ ಉಗುರು ಹಾಕಿ ನೋಡಿದರು. ಉಗುರು ಸಿಕ್ಕಲಿಲ್ಲ. ಎದ್ದು ಟವೆಲ್ಲಿನವರಿಗೆ, “ಅವ್ಳು ಬರಲ್ಲ ಕಣ್ರೀ. ನೀವು ಊಟ ಮಾಡ್ಕಂಡು ಹೋಗಿ,” ಅಂದರು. ಅವರು ಊಟ ಮಾಡಲಿಲ್ಲ.

ಆಮೇಲೆ ಎಂಬತ್ತರ ದಶಕ ಪೂರ್ತಿ ಆ ಶೆಡ್ಡು ಸದ್ದು ಮಾಡಿತು. ಕಡಬದಿಂದ, ಊರ್ಡಿಗೆರೆಯಿಂದ ಜನ ಪಟಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಹೆಂಗಸಿನ ಕೈಕೆಲಸ ಎಂದು ಮೂಗು ಮುರಿದವರೂ ಬಂದರು. ಅವರಿಗೂ ಅವಳು ಅದೇ ಮೂಲೆ ಕೂಡಿಸಿಕೊಟ್ಟಳು, ಆದರೆ ಕೂರಲು ಮಣೆ ಕೊಡಲಿಲ್ಲ. ಅಜ್ಜಿ ಹೋದಳು, ದೊಡ್ಡಪ್ಪ ಹೋದರು. ರಸ್ತೆ ಅಗಲವಾಗುವಾಗ ಮನೆಯೂ ಹೋಯಿತು. ನಾನು ಬೆಳೆದೆನೆಂದು ಹೇಳಿಕೊಳ್ಳುವ ಜಾಗದ ಮೇಲೆ ಈಗ ಲಾರಿಗಳು ಓಡುತ್ತವೆ.

ಕೊನೆಗೆ ಗೌರತ್ತೆಯೂ ಹೋದಾಗ, ತಿಥಿಯ ಕಾರ್ಡಿಗೆಂದು ದೊಡ್ಡಪ್ಪನ ಮಗ ಬರೆದು ತಂದದ್ದರಲ್ಲಿ ಅವಳು ಕುಣಿಗಲ್ಲಿನ ಇಂಥವರ ಧರ್ಮಪತ್ನಿ ಎಂದಿತ್ತು. ನಾನು ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. “ಜನ ಏನಂತಾರೆ ಕಣೇ,” ಅಂದ. “ಅಂದ್ಕೊಳ್ಲಿ ಬಿಡು,” ಅಂದೆ. ಗೌರಮ್ಮ, ಗುಬ್ಬಿ, ಪಟದ ಕೆಲಸ, ಇಷ್ಟೇ ಬರೆದೆ. ಪ್ರೆಸ್ಸಿನ ಹುಡುಗಿ ಕಾಗದ ತಿರುಗಿಸಿ ನೋಡಿ, “ಇನ್ನೇನೂ ಹಾಕೋದು ಬೇಡ್ವಾ ಮೇಡಂ? ಜಾಗ ತುಂಬ ಉಳಿಯುತ್ತೆ,” ಅಂದಳು. ಉಳಿಯಲಿ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಅವಳು ಹೋದ ಮೇಲೆ ಮೊದಲ ಬಾರಿಗೆ ಅತ್ತುಬಿಟ್ಟೆ.